ಬೆರೆಸಿದ್ದು ಅವಳಲ್ಲ

ಅವಳು ಬೆರೆಸಲಿಲ್ಲ. ಬೇರೆ ಏನು ಹೇಳುವ ಮೊದಲೂ ಇದನ್ನು ಹೇಳಬೇಕು. ನಾನು ಅಲ್ಲೇ ಕುಳಿತಿದ್ದೆ. ನನ್ನ ಕಣ್ಣು ಮಸುಕಾಗಿದೆ, ಕುರುಡಾಗಿಲ್ಲ.

ಅವಳನ್ನು ನಾವು ಬೆಳಗಕ್ಕ ಎನ್ನುತ್ತಿದ್ದೆವು. ಪಾತ್ರೆ ಬೆಳಗುವ ಅಕ್ಕ ಎಂದು ನನ್ನ ಮೊಮ್ಮಗಳು ಮಾತು ಕಲಿಯುವಾಗ ಇಟ್ಟ ಹೆಸರು. ಮೊಮ್ಮಗಳು ಬೆಳೆದು ಹಾಸ್ಟೆಲು ಸೇರಿದರೂ ಹೆಸರು ಹಾಗೇ ಉಳಿಯಿತು. ಪಾತ್ರೆಯೊಂದೇ ಅಲ್ಲ, ನನ್ನ ಮಗನ ಮನೆಯಲ್ಲಿ ಅವಳ ಕೈ ಮುಟ್ಟದ ವಸ್ತುವಿರಲಿಲ್ಲ. ಬೆಳ್ಳಿಯ ತಟ್ಟೆ, ಚಮಚ. ಹಿತ್ತಾಳೆಯ ಹೂಜಿ. ತಾಮ್ರದ ಹಂಡೆ. ಕಬ್ಬಿಣದ ಬಾಣಲೆ. ಗಾಜಿನ ಲೋಟ, ಗಾಜಿನ ಮೇಜು, ಗಾಜಿನ ಕಿಟಕಿ. ತೇಗದ ಕಪಾಟು. ಚರ್ಮದ ಸೋಫಾ. ಹಾಲ್‌ನ ತುಂಬ ಬಿಳಿ ಅಮೃತಶಿಲೆಯ ನೆಲ.

ಆ ನೆಲವನ್ನು ಅವಳು ಮಂಡಿಯೂರಿ ಒರೆಸುತ್ತಿದ್ದಳು. ಕೋಲಿನ ಮಾಪಿನಲ್ಲಿ ಒರೆಸಿದರೆ ಗೆರೆ ಉಳಿಯುತ್ತದೆ ಎಂದು ಸೊಸೆಗೆ ಬೇಸರ. ಬೆಳಗಕ್ಕನ ಮಂಡಿಗಳು ಒಣಗಿದ ಚರ್ಮದ ಬಿಲ್ಲೆಗಳಾಗಿದ್ದವು. ಹೆಬ್ಬೆರಳಿನ ಉಗುರು ಅರ್ಧ ಸವೆದಿತ್ತು. ಬೆರಳ ಸಂದು ಸದಾ ಬಿರಿದಿರುತ್ತಿತ್ತು. ಹಿತ್ತಾಳೆಗೆ ನಿಂಬೆಹೋಳು ಉಜ್ಜುವಾಗ ಆ ಬಿರುಕಿಗೆ ರಸ ಇಳಿಯುತ್ತಿತ್ತು. ಹಲ್ಲು ಕಚ್ಚಿ ಸ್‌ಸ್ ಎಂದು ಉಸಿರೆಳೆದುಕೊಂಡು ಮತ್ತೆ ಉಜ್ಜುತ್ತಿದ್ದಳು. ಕೈಗವಸು ತರಿಸಿಕೊಡು ಎಂದು ಸೊಸೆಗೆ ಹೇಳಿದ್ದೆ. "ಗ್ಲೌಸ್ ಹಾಕಿದ್ರೆ ಗಾಜು ಜಾರುತ್ತೆ ಅತ್ತೆ" ಎಂದಳು. ಗಾಜು ಜಾರಬಾರದು. ಅದು ಆ ಮನೆಯ ನಿಯಮ.

ಬೆಳಗಕ್ಕನಿಗೂ ಒಂದು ನಿಯಮವಿತ್ತು. ಒಂದರ ಬಟ್ಟೆ ಇನ್ನೊಂದಕ್ಕೆ ಮುಟ್ಟಿಸುತ್ತಿರಲಿಲ್ಲ. ಪಾತ್ರೆ ತೊಳೆಯುವ ಕಟ್ಟೆಯ ಹಿಂದೆ, ನನ್ನ ಕೋಣೆಯ ಬಾಗಿಲಿಗೆ ಎದುರಾಗಿ ಒಂದು ತಂತಿ. ಅದರ ಮೇಲೆ ಅವಳ ಬಟ್ಟೆತುಂಡುಗಳು. ಬೆಳ್ಳಿಗೆ ನನ್ನ ಗಂಡನ ಹಳೆಯ ಬನಿಯನ್ನು. ಹಿತ್ತಾಳೆ ತಾಮ್ರಕ್ಕೆ ಗೋಣಿಯ ಚೂರು. ಗಾಜಿಗೆ ದಿಂಬಿನ ಚೀಲ ಹರಿದ ತುಂಡು. ಮರಕ್ಕೆ ಎಣ್ಣೆ ಕುಡಿದು ಕಪ್ಪಾದ ಉಣ್ಣೆ. ಯಾರಾದರೂ ಅವಸರಕ್ಕೆ ಹಿತ್ತಾಳೆಯ ಬಟ್ಟೆ ತೆಗೆದು ಕನ್ನಡಿ ಒರೆಸಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. "ಒಬ್ಬರ ಗಂಡನ್ನ ಇನ್ನೊಬ್ಬರ ಮನೆಗೆ ಕಳಿಸಿದ ಹಾಗಾಯ್ತಲ್ಲಮ್ಮ" ಎನ್ನುತ್ತಿದ್ದಳು.

ಮಗ ಒಮ್ಮೆ ಚೇಷ್ಟೆ ಮಾಡಿದ. "ಏನು ಬೆಳಗಕ್ಕ, ಸಾಲಾಗಿ ಬಾವುಟ ಹಾರಿಸಿದೀಯ?"

"ಹೂಂ ಸಾರ್. ಇಲ್ಲಿಂದ ಆಚೆ ನನ್ನ ರಾಜ್ಯ. ಸೆಲ್ಯೂಟ್ ಹೊಡೆದು ದಾಟಿ."

ಅವನು ನಿಜವಾಗಿಯೂ ಸೆಲ್ಯೂಟ್ ಹೊಡೆದ. ನಾವೆಲ್ಲ ನಕ್ಕೆವು. ಅಂಥ ಗಳಿಗೆಗಳೂ ಇದ್ದವು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಬೆಳಿಗ್ಗೆ ಬಂದವಳು ಮೊದಲು ನನ್ನ ಕೋಣೆಗೆ ಬರುತ್ತಿದ್ದಳು. ನಾನು ಕೇಳದೆಯೇ ನನ್ನ ಕನ್ನಡಕ ತೆಗೆದು, ಬಾಯಿಯ ಹಬೆ ಊದಿ, ಸೊಂಟಕ್ಕೆ ಸಿಕ್ಕಿಸಿಕೊಂಡ ಬೇರೆಯೇ ಒಂದು ಮೆತ್ತನೆಯ ಮಲ್ಲು ಬಟ್ಟೆಯಿಂದ ಒರೆಸುತ್ತಿದ್ದಳು. "ಇದು ನಿಮ್ಮದೊಬ್ಬರದೇ ದೊಡ್ಡಮ್ಮ. ಮನೇಗೆ ತಗೊಂಡು ಹೋಗಿ ಒಗೆದು ತರ್ತೀನಿ." ಹಬೆ ಊದುವ ಉಸಿರು ಅವಳಲ್ಲಿ ಆಗ ಧಾರಾಳವಾಗಿತ್ತು.

ಸೊಸೆ ಕೆಟ್ಟವಳಲ್ಲ. ಚಳಿ ಬಂದರೆ ನನಗೆ ದಪ್ಪ ಕಾಲುಚೀಲ ತಂದುಕೊಡುವವಳು. ಬೆಳಗಕ್ಕನ ಮಗಳಿಗೆ ಜ್ವರ ಬಂದಾಗ ತಾನೇ ಕಾರಿನಲ್ಲಿ ಡಾಕ್ಟರ ಹತ್ತಿರ ಕರೆದೊಯ್ದವಳು. ಹಳೆಯ ಫ್ಯಾನು ಕೊಟ್ಟಳು, ಸ್ವೆಟರು ಕೊಟ್ಟಳು. ನಾನು ಸಣ್ಣ ಸಣ್ಣ ಒಳ್ಳೆಯತನಗಳನ್ನು ಕಂಡು ಖುಷಿಪಡುವ ಮುದುಕಿ. ಕಂಡೆ, ಖುಷಿಪಟ್ಟೆ. ಸ್ವೆಟರು ಕೊಟ್ಟ ಕೈಯೇ ಆ ದಿನ ಚಿಲಕ ಹಾಕಿತು.

ಆ ದಿನ ಮಗನ ಕಚೇರಿಯ ಮುಖ್ಯಸ್ಥರು ಹೆಂಡತಿಯ ಜೊತೆ ಊಟಕ್ಕೆ ಬರುವವರಿದ್ದರು. ಮಗನಿಗೆ ಮೇಲಿನ ಹುದ್ದೆ ಸಿಗುವುದಿತ್ತು. ಬೆಳಗಕ್ಕ ನಸುಕಿನಲ್ಲೇ ಬಂದಳು. ಹಲ್ಲುಪುಡಿ ಹಾಕಿ ಬೆಳ್ಳಿಯನ್ನೆಲ್ಲ ತಿಕ್ಕಿದಳು. ಚಮಚದ ಹಿಡಿಯ ಮೇಲಿನ ಹೂಬಳ್ಳಿಯ ಸಂದಿಗೆ ಬೆಂಕಿಕಡ್ಡಿಗೆ ಬಟ್ಟೆ ಸುತ್ತಿ ಕಪ್ಪು ತೆಗೆದಳು. ಏಣಿ ಹತ್ತಿ ತೂಗುದೀಪದ ಒಂದೊಂದೇ ಗಾಜಿನ ಹನಿ ಒರೆಸಿದಳು. ಸೋಫಾ ಸರಿಸಿ, ನೆಲ ಒರೆಸಿ, ಸೋಫಾ ಸರಿಯಾಗಿ ಇಟ್ಟಳು. ನೆಲದಲ್ಲಿ ಅವಳದೇ ಬಾಗಿದ ನೆರಳು ಕಾಣುತ್ತಿತ್ತು. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಾನು ಕೊಟ್ಟ ಬಿಸ್ಕತ್ತನ್ನು ಮಡಿಲಿಗೆ ಹಾಕಿಕೊಂಡಳು. "ಆಮೇಲೆ ದೊಡ್ಡಮ್ಮ. ಈಗ ಕೈಯೆಲ್ಲ ಪುಡಿ."

ಕೊನೆಗೆ ಉಳಿದದ್ದು ಹಾಲಿನ ಪಕ್ಕದ ಬಚ್ಚಲುಮನೆ. ಅತಿಥಿಗಳು ಬಳಸುವಂಥದ್ದು. ಬಿಳಿ ಟೈಲ್ಸಿನ ಮೇಲೆ ಕೊಳಾಯಿಯ ಕೆಳಗೆ ತುಕ್ಕಿನ ಕಲೆ. ಬೆಳಗಕ್ಕ ಅದರ ಮೇಲೆ ಆಸಿಡ್ಡು ಹಾಕಿ ಉಜ್ಜುತ್ತಿದ್ದಳು. ನಾನು ಎದುರಿನ ಕುರ್ಚಿಯಲ್ಲಿ ಹೂದಾನಿಗೆ ಹೂವು ಜೋಡಿಸುತ್ತಿದ್ದೆ. ಸೊಸೆ ಬಂದು ಇಣುಕಿದಳು.

"ಇನ್ನೂ ಹೋಗಿಲ್ವಾ ಅದು?"

"ಹೋಗುತ್ತಮ್ಮ. ಇದನ್ನ ತೊಳೆದುಬಿಟ್ಟು ಆಮೇಲೆ ಬ್ಲೀಚ್ ಹಾಕ್ತೀನಿ."

"ಅಷ್ಟು ಹೊತ್ತು ಎಲ್ಲಿದೆ? ಅವರು ಹೊರಟಾಯ್ತು. ಎರಡೂ ಒಟ್ಟಿಗೆ ಹಾಕು, ಬೇಗ ಬಿಳಿಯಾಗುತ್ತೆ."

"ಎರಡು ಒಟ್ಟಿಗೆ ನಂಗೆ ಅಭ್ಯಾಸ ಇಲ್ಲಮ್ಮ."

"ನಿನ್ನ ಅಭ್ಯಾಸ ಕಟ್ಟಿಕೊಂಡು ನಾನೇನು ಮಾಡ್ಲಿ? ಸರಿ ಆ ಕಡೆ."

ಸೊಸೆ ಬ್ಲೀಚಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿ ಆಸಿಡ್ಡು ಹರಿದಿದ್ದ ನೆಲದ ಮೇಲೆ ಸುರಿದಳು. ಬಗ್ಗಿ, ಬಾಟಲಿ ಬರಿದಾಗುವ ತನಕ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ಅಲ್ಲಿದ್ದ ಮೂವರಲ್ಲಿ ಇಬ್ಬರು ಓದಿದವರು. ಯಾರೂ ಓದಲಿಲ್ಲ.

ಘಾಟು ಎದ್ದಿತು. ಸೊಸೆ ಮೂಗಿಗೆ ಸೆರಗು ಹಿಡಿದು ಹೊರಗೆ ಬಂದಳು. "ಥೂ, ಹಾಲ್‌ಗೆಲ್ಲ ವಾಸನೆ ಹೊಡೆಯುತ್ತೆ. ಬಾಗಿಲು ಹಾಕ್ಕೊಂಡು ಉಜ್ಜು." ಆ ಬಾಗಿಲಿನ ಒಳಚಿಲಕ ಕೆಟ್ಟಿತ್ತು. ಹಾಕಿದರೂ ತಾನಾಗಿ ತೆರೆದುಕೊಳ್ಳುತ್ತಿತ್ತು. ಸೊಸೆ ಹೊರಗಿನಿಂದ ಚಿಲಕ ಹಾಕಿದಳು. ಅಷ್ಟರಲ್ಲಿ ಫೋನು ಬಂತು. ಅತಿಥಿಗಳಿಗೆ ದಾರಿ ತಪ್ಪಿತ್ತು. ಎಡಕ್ಕೆ ತಿರುಗಿ, ದೊಡ್ಡ ಗೇಟು ಕಾಣುತ್ತೆ ಎಂದು ಹೇಳುತ್ತ ಅವಳು ಬಾಲ್ಕನಿಗೆ ಹೋದಳು.

ಒಳಗೆ ಬ್ರಷ್ಷಿನ ಸದ್ದು ಕೇಳುತ್ತಿತ್ತು. ಆಮೇಲೆ ಕೆಮ್ಮು. ಬ್ರಷ್ಷು ನಿಂತಿತು. ಬಾಗಿಲು ಬಡಿದ ಸದ್ದು. ನಾನು ಎದ್ದೆ. ನನ್ನ ಮಂಡಿಗಳು ಸುಲಭಕ್ಕೆ ಏಳಗೊಡುವುದಿಲ್ಲ. ಹೂದಾನಿ ಉರುಳಿತು. ಚಿಲಕ ಬಿಗಿಯಾಗಿತ್ತು. "ಬಂದೆ, ಬಂದೆ ಕಣೇ" ಎಂದು ಕೂಗುತ್ತಲೇ ಎಳೆದೆ. ತೆಗೆದಾಗ ಅವಳು ನನ್ನ ಕಾಲ ಮೇಲೆ ಬಿದ್ದಳು. ಮುಖ ನೀಲಿಯಾಗಿತ್ತು. ಕಣ್ಣಿನಿಂದ, ಮೂಗಿನಿಂದ ನೀರು. ಗಂಟಲಿನಿಂದ ಹರಕು ಬಟ್ಟೆ ಸೀಳಿದಂಥ ಸದ್ದು. ಮಡಿಲಿನ ಬಿಸ್ಕತ್ತು ಅಮೃತಶಿಲೆಯ ಮೇಲೆ ಪುಡಿಪುಡಿಯಾಗಿ ಚೆಲ್ಲಿತು.

ಮಗ ಓಡಿಬಂದ. ಗಾಬರಿಯಾದ. ಅದೂ ನಿಜ. ಆದರೆ ಕೆಳಗೆ ಕಾರಿನ ಹಾರ್ನು ಕೇಳಿದ ಕೂಡಲೇ ಅವನ ಬಾಯಿಂದ ಬಂದ ಮಾತು ಇದು: "ಹಿಂದಿನ ಬಾಗಿಲಿಂದ ಕರ್ಕೊಂಡು ಹೋಗಿ."

ಅವಳನ್ನು ಹಿಂದಿನ ಬಾಗಿಲಿನಿಂದ ಎತ್ತಿಕೊಂಡು ಹೋಗಿ ಪಾತ್ರೆ ತೊಳೆಯುವ ಕಟ್ಟೆಯ ಒದ್ದೆಯ ಮೇಲೆ ಮಲಗಿಸಿದರು. ನಮ್ಮ ಡ್ರೈವರು ತನ್ನ ನೀರಿನ ಬಾಟಲಿಯಿಂದ ಅವಳ ಕಣ್ಣು ತೊಳೆದ. ತನ್ನ ಅಂಗಿ ಬಿಚ್ಚಿ ತಲೆಯಡಿಗೆ ಇಟ್ಟ. ಬನಿಯನ್ನಿನಲ್ಲೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋದ. ನಾನೂ ಬರುತ್ತೇನೆಂದೆ. ಮಗ ನನ್ನ ತೋಳು ಹಿಡಿದ. "ಅಮ್ಮ, ದಯವಿಟ್ಟು. ನೀವು ಕಾಣದಿದ್ರೆ ಅವರು ಕೇಳ್ತಾರೆ."

ಸೊಸೆ ಬಿಸ್ಕತ್ತಿನ ಪುಡಿ ಗುಡಿಸಿದಳು. ಬಚ್ಚಲಿನ ಕಿಟಕಿ ತೆರೆದಳು. ಊಟ ನಡೆಯಿತು. ಮುಖ್ಯಸ್ಥರ ಹೆಂಡತಿ ಚಮಚವನ್ನು ಬೆಳಕಿಗೆ ಹಿಡಿದು ನೋಡಿದರು. "ಇಷ್ಟು ಹಳೆಯ ಬೆಳ್ಳಿ ಹೊಸದರ ಹಾಗೆ ಇದೆಯಲ್ಲ! ಹೇಗ್ರೀ ಇಟ್ಟುಕೊಂಡಿದೀರ?"

"ಸ್ವಲ್ಪ ಕಾಳಜಿ ಬೇಕು, ಅಷ್ಟೇ" ಎಂದಳು ಸೊಸೆ.

ನಾನು ಊಟದಿಂದ ಎದ್ದೆ. ಬಾಯಿಯ ತುತ್ತನ್ನು ಕಟ್ಟೆಯ ಹತ್ತಿರ ಉಗಿದುಬಂದೆ.

ಮರುದಿನ ಆಸ್ಪತ್ರೆಗೆ ಹೋದೆವು. ಸೊಸೆ ಹಣ್ಣಿನ ಬುಟ್ಟಿ ಹಿಡಿದಿದ್ದಳು. ಉದ್ದನೆಯ ವಾರ್ಡು. ಬೆಳಗಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮುಖಕ್ಕೆ ಆಮ್ಲಜನಕದ ಮಾಸ್ಕು. ಎದೆಗೂಡು ಏರಿ ಇಳಿದು ಏರಿ ಇಳಿದು ದಣಿದಿತ್ತು. ಪಕ್ಕದಲ್ಲಿ ಅವಳ ಮಗಳು ನಿಂತಿದ್ದಳು. ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಮುಂಗೈ ತುಂಬ ಸುಟ್ಟ ಗೆರೆಗಳು. ತಾಯಿಯಷ್ಟೇ ಮಾತುಗಾತಿ. ಆ ದಿನ ಮಾಸ್ಕಿನ ದಾರ ಸರಿಮಾಡುತ್ತಿದ್ದಳು.

ಸೊಸೆ ಮಂಚದ ಅಂಚಿಗೆ ಕುಳಿತು ಬೆಳಗಕ್ಕನ ಕೈ ಸವರಿದಳು. ಅವಳ ಕಣ್ಣು ತುಂಬಿತು.

"ಬೆಳಗಕ್ಕ, ಡಾಕ್ಟರು ಬಂದು ಕೇಳ್ತಾರೆ. ನೀನೇ ಎರಡೂ ಸೇರಿಸಿಬಿಟ್ಟೆ ಅಂತ ಹೇಳು. ಗೊತ್ತಿಲ್ದೆ ಆಯ್ತು ಅನ್ನು. ಗೊತ್ತಿಲ್ದೆ ಆಗಿದ್ದಕ್ಕೆ ನಿನ್ನನ್ನ ಯಾರು ಏನು ಮಾಡ್ತಾರೆ? ನನ್ನ ಹೆಸರು ಬಂದ್ರೆ ಇವರ ಆಫೀಸ್ ತನಕ ಹೋಗುತ್ತೆ ಕಣೇ. ಪ್ರಮೋಷನ್ ಹೊತ್ತು."

ಬೆಳಗಕ್ಕ ನೋಡುತ್ತಿದ್ದಳು.

"ಆಸ್ಪತ್ರೆ, ಔಷಧಿ, ಎಲ್ಲ ನಾವು ನೋಡ್ಕೋತೀವಿ. ನಿನ್ನ ಮಗಳಿಗೂ ನಮ್ಮನೇಲೇ ಕೆಲಸ. ಒಂದು ಮಾತು, ಅಷ್ಟೇ."

ಬೆಳಗಕ್ಕ ಮಾಸ್ಕು ತೆಗೆದಳು. ಮಗಳು ತಡೆಯಹೋದಳು. ತಾಯಿ ಬಿಡಲಿಲ್ಲ.

"ನಾನು... ಬೆರೆಸಲ್ಲ."

"ಅದು ನಂಗೆ ಗೊತ್ತಿಲ್ವಾ? ಸುಮ್ನೆ ಬಾಯಿಮಾತಿಗೆ ಹೇಳು ಅಂದೆ."

"ಬಾಯಲ್ಲೂ... ಬರಲ್ಲಮ್ಮ."

"ಎಷ್ಟು ಮಾಡಿದೀನಿ ಬೆಳಗಕ್ಕ ನಿಂಗೆ! ಮನೆಯವಳ ಹಾಗೆ ನೋಡ್ಕೊಂಡೆ."

"ಮಾಡಿದೀರಿ." ಉಸಿರು ಹುಡುಕಿದಳು. ನಾವೆಲ್ಲ ಕಾದೆವು. "ಇದೊಂದು ಮಾಡಿ. ನೀವು ಸುರಿದದ್ದು ಅಂತ... ನೀವೇ ಹೇಳಿ."

ಸೊಸೆಯ ಕೈ ಅವಳ ಕೈಯಿಂದ ಜಾರಿತು. ಎದ್ದಳು. ಹಣ್ಣಿನ ಬುಟ್ಟಿಯನ್ನು ಮಂಚದಡಿಗೆ ತಳ್ಳಿದಳು. "ಇಷ್ಟು ಹಟ ಒಳ್ಳೇದಲ್ಲ. ಆಮೇಲೆ ನಮ್ಮನ್ನ ಅನ್ಬೇಡ" ಎಂದು ಹೊರಟಳು. ನಾನು ಅವಳ ಹಿಂದೆ ಹೋಗಲಿಲ್ಲ.

ಡಾಕ್ಟರು ಬಂದರು. ಚಿಕ್ಕ ವಯಸ್ಸು, ಕಣ್ಣಿನ ಕೆಳಗೆ ಕಪ್ಪು. ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಬಾಟಲಿ, ಸುರಿದ ಕೈ, ಚಿಲಕ.

"ಅಜ್ಜಿ, ನೀವು ಇವರಿಗೆ ಏನಾಗ್ಬೇಕು?"

"ಏನೂ ಅಲ್ಲ. ಸುರಿದವಳ ಅತ್ತೆ ನಾನು."

ಅವರು ತಲೆಯೆತ್ತಿ ನೋಡಿದರು. ಕೇಸ್‌ಶೀಟಿನಲ್ಲಿ ಏನೋ ಬರೆದರು. ನಾನು ಬಗ್ಗಿ ನೋಡಿದೆ. ಮನೆಗೆಲಸದ ವೇಳೆ ಆಕಸ್ಮಿಕ ಎಂದಿತ್ತು. "ಯಾರು ಅಂತ ಬರೆಯೋಕೆ ಇಲ್ಲಿ ಜಾಗ ಇಲ್ಲ ಅಜ್ಜಿ. ಅದು ಪೊಲೀಸರ ಕೆಲಸ." ಪೊಲೀಸರು ಮನೆಗೆ ಬಂದರು. ಮಗನ ಜೊತೆ ಮಾತಾಡಿದರು, ಕಾಫಿ ಕುಡಿದರು, ಹೋದರು. ನನ್ನನ್ನು ಕೇಳಲಿಲ್ಲ. ನಾನಾಗಿ ಹಾಲಿಗೆ ಬಂದು ಹೇಳತೊಡಗಿದಾಗ ಮಗ, "ಅಮ್ಮಂಗೆ ವಯಸ್ಸಾಯ್ತು, ಈಚೆಗೆ ಹೀಗೇ" ಎಂದ. ಅವನಿಗೆ ಅಕ್ಷರ ತಿದ್ದಿಸಿದವಳು ನಾನು.

ಬೆಳಗಕ್ಕ ವಾರ್ಡಿನಿಂದ ಮನೆಗೆ ಹೋದಳು. ಮನೆಯೆಂದರೆ ಓಣಿಯ ಕೊನೆಯ ಒಂದು ಕೋಣೆ. ನಾನು ನೋಡಲು ಹೋಗಿದ್ದೆ. ಅವಳಿಗೆ ಬಿಂದಿಗೆ ಇಟ್ಟ ಮೂಲೆಯ ತನಕ ನಡೆಯಲೂ ಆಗುತ್ತಿರಲಿಲ್ಲ. ಮೂಗಿಗೆ ವಾಸನೆ ತಿಳಿಯುವುದೂ ಹೋಗಿತ್ತು. "ಇವಳು ಅನ್ನ ಸೀಯಿಸಿದ್ರೂ ಗೊತ್ತಾಗಲ್ಲ ದೊಡ್ಡಮ್ಮ. ಇವಳಿಗೆ ಆರಾಮು" ಎಂದು ಮಗಳ ಕಡೆ ತೋರಿಸಿ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಮಗಳು ಬೆನ್ನು ಉಜ್ಜುತ್ತ ಕುಳಿತಳು, ಸುಟ್ಟ ಗೆರೆಗಳ ಆ ಕೈಯಿಂದ, ಮೆಲ್ಲಗೆ, ಮೇಲಿಂದ ಕೆಳಕ್ಕೆ.

ನಾನು ಡಾಕ್ಟರಿಗೆ ಹೇಳಿದ್ದನ್ನು ಮಗಳು ನೆನಪಿಸಿದಳು. ಬೆಳಗಕ್ಕ ನನ್ನ ಕೈ ಹಿಡಿದುಕೊಂಡಳು.

"ನೀವು ಹೇಳಿದ್ರಿ. ಸಂತೋಷ. ಆದ್ರೆ ಅಮ್ಮಾವ್ರು... ಹೇಳ್ಬೇಕು ದೊಡ್ಡಮ್ಮ."

ಅವಳು ಯಾಕೆ ಹಾಗೆಂದಳೆಂದು ನನಗೆ ಆಮೇಲೆ ತಿಳಿಯಿತು. ನಮ್ಮ ಕಟ್ಟಡದ ಮನೆಮನೆಗಳಲ್ಲಿ ಕಥೆ ಹಬ್ಬಿತ್ತು. ಕೆಲಸದವಳು ಬುದ್ಧಿಯಿಲ್ಲದೆ ಎರಡು ಬೆರೆಸಿಕೊಂಡಳಂತೆ, ಪಾಪ ಇವರೇ ಆಸ್ಪತ್ರೆಗೆ ಸೇರಿಸಿದರಂತೆ. ಪಕ್ಕದ ಮನೆಯಾಕೆ ಮೆಟ್ಟಿಲ ಮೇಲೆ ನಿಂತು ತನ್ನ ಮನೆಯ ಕೆಲಸದ ಹೆಂಗಸಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿದೆ. "ನೋಡ್ಕೊಂಡು ಮಾಡು. ಬೆಳಗಕ್ಕನ ಹಾಗೆ ಮಾಡ್ಬೇಡ." ಜೀವಮಾನವಿಡೀ ಗೋಣಿಯ ಚೂರನ್ನು ಬೆಳ್ಳಿಗೆ ತಾಗಿಸದೆ ಇದ್ದವಳು. ಅವಳ ಹೆಸರನ್ನು ಅಜಾಗರೂಕತೆಗೆ ಇಟ್ಟುಬಿಟ್ಟರು. ಎದೆ ಸುಟ್ಟದ್ದು ಸಾಲದೆಂದು.

ಮನೆಗೆ ಬಂದು ಸೊಸೆಯನ್ನು ಕೂರಿಸಿಕೊಂಡು ಕೇಳಿದೆ. "ಅವಳಿಗೆ ಉಸಿರಿರುವಾಗ ಒಂದು ಸಲ ಹೋಗಿ ಹೇಳಮ್ಮ. ಪೊಲೀಸರಿಗೆ ಬೇಡ, ಕಚೇರಿಗೆ ಬೇಡ. ಅವಳಿಗೆ ಹೇಳು, ಆ ಓಣಿಯವರ ಎದುರಿಗೆ ಹೇಳು."

"ನಾನು ಬೇಕು ಅಂತ ಮಾಡಿದ್ನಾ ಅತ್ತೆ?"

"ಬೇಕು ಅಂತ ಮಾಡಿದೆ ಅಂತ ಯಾರಂದರು? ಮಾಡಿದೆ ಅಂತ ಹೇಳು."

ಅವಳು ಅತ್ತಳು. ಆ ರಾತ್ರಿ ಊಟ ಬಿಟ್ಟಳು. ಹೋಗಲಿಲ್ಲ. ಡ್ರೈವರನ ಕೈಯಲ್ಲಿ ಹೊದಿಕೆಯೊಂದನ್ನು ಕಳಿಸಿದಳು. ಹೊಸದು, ಮೆತ್ತನೆಯದು. ಬೆಳಗಕ್ಕ ಅದನ್ನು ಹೊದೆಯಲಿಲ್ಲ. ಹಿಂದಕ್ಕೆ ಕಳಿಸಿದಳು. ಚಳಿ ಬಿದ್ದಿತ್ತು.

ಚಳಿಗಾಲ ಮುಗಿಯುವ ಮೊದಲು ಅವಳು ತೀರಿಹೋದಳು. ಕುಳಿತಲ್ಲೇ, ಗೋಡೆಗೆ ಒರಗಿ. ಕೊನೆಯ ದಿನಗಳಲ್ಲಿ ಮಾತು ಬಿಟ್ಟಿದ್ದಳಂತೆ. ಇದ್ದ ಉಸಿರು ಉಸಿರಾಡಲಿಕ್ಕೇ ಸಾಲುತ್ತಿರಲಿಲ್ಲ.

ಡ್ರೈವರು ಬಂದು ನನ್ನ ಕಿವಿಯಲ್ಲಿ ಹೇಳಿ, ಯಾರನ್ನೂ ಕೇಳದೆ ನನ್ನನ್ನು ಕರೆದೊಯ್ದ. ಓಣಿ ಕಿರಿದು. ಕಾರು ಹೋಗುವುದಿಲ್ಲ. ಬೇರೆ ಬೇರೆ ಮನೆಗಳಲ್ಲಿ ಕೆಲಸ ಮಾಡುವ ಹೆಂಗಸರು ಎರಡೂ ಬದಿಗೆ ನಿಂತಿದ್ದರು. ಕೆಲವರು ಕೆಲಸದ ನಡುವೆಯೇ ಬಂದಿದ್ದರು, ಸೀರೆ ಎತ್ತಿ ಸಿಕ್ಕಿಸಿದ ಹಾಗೇ ಇತ್ತು. ನನ್ನನ್ನು ಕಂಡು ದಾರಿ ಬಿಟ್ಟರು. ಮಗಳು ನನಗೆ ಒಂದು ಸ್ಟೂಲು ತಂದು ಹಾಕಿದಳು. "ನಿಮ್ಮ ಮಂಡಿ ನೋಯುತ್ತಲ್ಲ ದೊಡ್ಡಮ್ಮ. ಕೂತ್ಕೊಳ್ಳಿ." ತಾಯಿಯ ಹೆಣ ಒಳಗಿರುವಾಗ ಅವಳಿಗೆ ನನ್ನ ಮಂಡಿ ನೆನಪಿತ್ತು. ನನಗೆ ಆಗ ಅಳು ಬಂತು. ಅಲ್ಲಿಯ ತನಕ ಅತ್ತಿರಲಿಲ್ಲ.

ಸೊಸೆಯೂ ಬಂದಳು. ಒಬ್ಬಳೇ, ನಡೆದುಕೊಂಡು, ಕೈಯಲ್ಲಿ ಬಿಳಿ ಹೂವಿನ ಕಟ್ಟು. ಕಣ್ಣು ಊದಿತ್ತು. ಆ ಅಳು ನಾಟಕವಲ್ಲ. ನಾನು ಅವಳನ್ನು ಬಲ್ಲೆ.

ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಅಲ್ಲೇ ನಿಲ್ಲಿ."

"ಒಂದು ಸಲ ಮುಖ ನೋಡಿ ಹೋಗ್ತೀನಮ್ಮ."

"ನೋಡಿ. ಯಾರು ಬೇಡ ಅಂದ್ರು? ಹೇಳಿ, ಆಮೇಲೆ ಒಳಗೆ ಬನ್ನಿ."

"ಏನು ಹೇಳ್ಬೇಕು?"

"ಏನು ಅಂತ ನಾನು ಹೇಳ್ಕೊಡ್ಬೇಕಾ? ನಮ್ಮಮ್ಮಂಗೆ ಆಸ್ಪತ್ರೇಲಿ ನೀವೇ ಹೇಳ್ಕೊಟ್ಟಿದ್ರಲ್ಲ, ಒಂದು ಮಾತು, ಅಷ್ಟೇ ಅಂತ. ಅದೇ ಮಾತು. ಬೆರೆಸಿದ್ದು ಯಾರು?"

ನಮ್ಮ ಪಕ್ಕದ ಮನೆಯ ಕೆಲಸದ ಹೆಂಗಸು ಹಿಂದಿನಿಂದ ಕೂಗಿ ಹೇಳಿದಳು. "ಜೋರಾಗಿ ಹೇಳಿ ಅಮ್ಮಾವ್ರೆ. ನಮಗೆಲ್ಲ ದಿನಾ ಪಾಠ ಆಗ್ತಿದೆ, ಬೆಳಗಕ್ಕನ ಹಾಗೆ ಮಾಡ್ಬೇಡಿ ಅಂತ. ಯಾರ ಹಾಗೆ ಮಾಡ್ಬಾರದು ಅಂತ ನಾವೂ ತಿಳ್ಕೋತೀವಿ."

ಸೊಸೆ ನನ್ನ ಕಡೆ ನೋಡಿದಳು. ಸ್ಟೂಲಿನಿಂದ ಎದ್ದು ಅವಳ ಹತ್ತಿರ ಹೋದೆ. ಅವಳ ಕೈ ಹಿಡಿದೆ. ತಣ್ಣಗಿತ್ತು.

"ಹೇಳಮ್ಮ. ಹೇಳಿದರೆ ನೀನೂ ಬದುಕ್ತೀಯ."

ಅವಳ ತುಟಿ ಅಲುಗಿತು. ಬಂತು, ಈಗ ಬಂತು ಎಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡರು. ಬಾಗಿಲಿಗೆ ಅಡ್ಡ ಹಿಡಿದ ಮಗಳ ಕೈ ಸ್ವಲ್ಪ ಕೆಳಗಿಳಿದದ್ದನ್ನು ಕಂಡೆ.

"ಮನೆಗೆ ಹೋಗೋಣ ನಡೀರಿ ಅತ್ತೆ" ಎಂದಳು ಸೊಸೆ. "ನಿಮ್ಮ ಮಾತ್ರೆ ಹೊತ್ತಾಯ್ತು."

ನಾನು ಅವಳ ಕೈ ಬಿಟ್ಟೆ.

ಒಳಗಿನಿಂದ ಹೆಣ ಎತ್ತಿದರು. ಹೊತ್ತವರು ಗಂಡಸರಲ್ಲ, ಅವಳ ಜೊತೆಯ ಹೆಂಗಸರೇ. ಗಂಡಸೆಂದರೆ ಒಂದು ಮೂಲೆಗೆ ಹೆಗಲು ಕೊಟ್ಟ ಡ್ರೈವರೊಬ್ಬನೇ. ಮುಂದೆ ಮಗಳು.

"ದಾರಿ ಬಿಡಿ" ಎಂದಳು ಮಗಳು.

ಸೊಸೆ ಹೂವಿನ ಕಟ್ಟನ್ನು ಎದೆಗೆ ಅವುಚಿಕೊಂಡು ಗೋಡೆಗೆ ಬೆನ್ನು ಒತ್ತಿ ನಿಂತಳು. ಓಣಿ ಅಷ್ಟು ಕಿರಿದು. ಬೆಳಗಕ್ಕ ಅವಳ ಎದುರಿಗೇ ಹಾದುಹೋದಳು, ಕೈ ಚಾಚಿದರೆ ತಾಗುವಷ್ಟು ಹತ್ತಿರ, ಪಿಸುಗುಟ್ಟಿದರೂ ಕೇಳಿಸುವಷ್ಟು ಹತ್ತಿರ. ಹೊತ್ತವರು ಅಲ್ಲಿ ಹೆಜ್ಜೆ ನಿಧಾನ ಮಾಡಿದರು. ಒಂದು ಗಳಿಗೆ ನಿಂತೂ ನಿಂತರು.

ಆಮೇಲೆ ಮುಂದೆ ನಡೆದರು.